ಒಂದು ಹಗಲು, ಎರಡು ಕಾಲು, ಪ್ರಾಗ್ ನಗರ

ಡ್ರೆಸ್ಡೆನ್‌ನಿಂದ ಪ್ರಾಗ್‌ಗೆ ರೈಲಿನಲ್ಲಿ ಸುಮಾರು ಎರಡೂವರೆ ಗಂಟೆಯ ದಾರಿ. ಅರಸೀಕೆರೆಯಲ್ಲಿ ಹತ್ತಿ ಬೆಂಗಳೂರಿನಲ್ಲಿ ಇಳಿದಷ್ಟು ಹೊತ್ತು. ಅಷ್ಟರಲ್ಲೇ ಜರ್ಮನಿ ಮುಗಿದು ಚೆಕ್ ದೇಶ ಬಂದಿರುತ್ತದೆ. ಕಿಟಕಿಯ ಪಕ್ಕದಲ್ಲಿ ಎಲ್ಬ್ ನದಿ ನಮ್ಮ ಜೊತೆಗೇ ಬರುತ್ತಿತ್ತು. ಸ್ಟೇಷನ್ನುಗಳ ಬೋರ್ಡಿನಲ್ಲಿ ಅಕ್ಷರಗಳ ನೆತ್ತಿಯ ಮೇಲೆ ಕೊಂಬು, ಟೋಪಿಗಳು ಕಾಣಿಸಿದಾಗಲೇ ಗಡಿ ದಾಟಿದ್ದು ನನಗೆ ಗೊತ್ತಾದದ್ದು.

ಅದು 2019ರ ಜೂನ್ ತಿಂಗಳು. ಮಗ ಡ್ರೆಸ್ಡೆನ್‌ನಲ್ಲಿ ಎಂ.ಎಸ್. ಓದುತ್ತಿದ್ದ. ಹಾಸನ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಮೂವತ್ತು ವರ್ಷ ಸಮಾಜ ವಿಜ್ಞಾನ ಪಾಠ ಮಾಡಿ ನಿವೃತ್ತಳಾದ ನಾನು ಅವನನ್ನು ನೋಡಿಕೊಂಡು ಬರಲು ಹೋಗಿದ್ದೆ. ಯಜಮಾನರಿಗೆ ರಜೆ ಸಿಗಲಿಲ್ಲ. "ಅಮ್ಮಾ, ಒಂದು ದಿನ ಪ್ರಾಗ್ ತೋರಿಸ್ತೀನಿ. ಬಸ್ಸು ಗಿಸ್ಸು ಏನೂ ಬೇಡ, ನಡೆದೇ ನೋಡಬಹುದು" ಎಂದು ಮಗ ಹುರುಪಿನಿಂದ ಕರೆದುಕೊಂಡು ಹೊರಟಿದ್ದ. ಚಪಾತಿ, ಆಲೂಗಡ್ಡೆ ಪಲ್ಯ, ಊರಿಂದ ತಂದಿದ್ದ ಚಟ್ನಿಪುಡಿ ಚೀಲದಲ್ಲಿದ್ದವು.

ಗಡಿ ದಾಟಿ ಸ್ವಲ್ಪ ಹೊತ್ತಾದ ಮೇಲೆ ಅವನು ಕಿಟಕಿಯ ಕಡೆಗೇ ಮುಖ ಮಾಡಿಕೊಂಡು ಹೇಳಿದ: "ಅಮ್ಮಾ, ಒಂದು ವಿಷಯ ಹೇಳ್ಬೇಕಿತ್ತು. ಒಂದು ಪೇಪರ್‌ನಲ್ಲಿ ಎರಡು ಸಲ ಫೇಲಾಗಿದ್ದೀನಿ. ಇನ್ನು ಒಂದೇ ಅವಕಾಶ ಇರೋದು. ಕೋರ್ಸೂ ಆರು ತಿಂಗಳು ಮುಂದಕ್ಕೆ ಹೋಗುತ್ತೆ."

ಮೊದಲ ಸಲ ಫೇಲಾಗಿ ಆಗಲೇ ಆರು ತಿಂಗಳಾಗಿತ್ತು. ಪ್ರತಿ ಭಾನುವಾರ ಫೋನಿನಲ್ಲಿ "ಓದು ಹೇಗಿದೆಯೋ?" ಎಂದು ಕೇಳುತ್ತಿದ್ದೆವು. ಪ್ರತಿ ಭಾನುವಾರವೂ "ಚೆನ್ನಾಗಿದೆ" ಎನ್ನುತ್ತಿದ್ದ. ಬ್ಯಾಂಕಿನಲ್ಲಿ ಅಡವಿಟ್ಟಿದ್ದ ಮನೆ ಪತ್ರ ನನ್ನ ಕಣ್ಣ ಮುಂದೆ ಬಂತು. ನಾನೇನೂ ಹೇಳಲಿಲ್ಲ. ಮೇಷ್ಟರ ಮಕ್ಕಳಿಗೆ ಅಮ್ಮನ ಬೈಗುಳಕ್ಕಿಂತ ಅಮ್ಮನ ಮೌನವೇ ಹೆಚ್ಚು ಹೆದರಿಕೆ. ಹಾಗೆ ಮಾತಿಲ್ಲದೆ ಪ್ರಾಗ್‌ನಲ್ಲಿ ಇಳಿದೆವು.

ಬಾಗಿಲ ಮೇಲಿನ ಕೈಗಳು

ಪ್ರಾಗ್ ನೋಡಲು ಬಂದವರು ಮುಖ್ಯ ರೈಲು ನಿಲ್ದಾಣವನ್ನು ಬೇಗ ದಾಟಿ ಊರೊಳಗೆ ಹೋಗಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಒಂದನೇ ಪ್ಲಾಟ್‌ಫಾರಂನಲ್ಲಿ ಒಂದು ಕಂಚಿನ ಪ್ರತಿಮೆಯಿದೆ. ಕನ್ನಡಕ ಹಾಕಿದ ಒಬ್ಬಾತ ಒಂದು ಮಗುವನ್ನು ಎತ್ತಿಕೊಂಡಿದ್ದಾನೆ. ಪಕ್ಕದಲ್ಲಿ ಒಬ್ಬ ಹುಡುಗಿ ಸೂಟ್‌ಕೇಸಿನ ಜೊತೆ ಇದ್ದಾಳೆ. ಆತ ನಿಕೊಲಸ್ ವಿಂಟನ್. 1938ರ ಕೊನೆಯಲ್ಲಿ ರಜೆ ಕಳೆಯಲು ಹೊರಟಿದ್ದ ಲಂಡನ್ನಿನ 29 ವರ್ಷದ ಷೇರು ದಲ್ಲಾಳಿ ಈತ. ಗೆಳೆಯನ ಕರೆಯ ಮೇಲೆ ಪ್ರಾಗ್‌ಗೆ ಬಂದ. ಹಿಟ್ಲರನ ಭಯದಲ್ಲಿದ್ದ ಯಹೂದಿ ಕುಟುಂಬಗಳನ್ನು ನೋಡಿದ. ಪ್ರಾಗ್‌ನಲ್ಲಿದ್ದ ಸಂಗಾತಿಗಳ ಜೊತೆ ಸೇರಿ, ಮಕ್ಕಳನ್ನಾದರೂ ಇಂಗ್ಲೆಂಡಿಗೆ ಸಾಗಿಸುವ ಕೆಲಸಕ್ಕೆ ಇಳಿದ. 1939ರಲ್ಲಿ ಹೀಗೆ ಪಾರಾದ ಮಕ್ಕಳು 669, ಹೆಚ್ಚಿನವರು ಇದೇ ನಿಲ್ದಾಣದಿಂದ ಹೊರಟ ರೈಲುಗಳಲ್ಲಿ. ಸೆಪ್ಟೆಂಬರ್ 1ರಂದು ಹೊರಡಬೇಕಿದ್ದ ಕೊನೆಯ ರೈಲಿನಲ್ಲಿ ಸುಮಾರು 250 ಮಕ್ಕಳಿದ್ದರು. ಆ ದಿನವೇ ಯುದ್ಧ ಶುರುವಾಯಿತು. ರೈಲು ಹೊರಡಲೇ ಇಲ್ಲ.

ವಿಂಟನ್ ಈ ಕೆಲಸವನ್ನು ಸುಮಾರು ಐವತ್ತು ವರ್ಷ ಹೇಳಿಕೊಂಡು ತಿರುಗಲಿಲ್ಲ. 1988ರಲ್ಲಿ ಬಿಬಿಸಿ ಟೆಲಿವಿಷನ್ನಿನ ಕಾರ್ಯಕ್ರಮವೊಂದರ ಮೂಲಕವೇ ಜಗತ್ತಿಗೆ ಅದು ಗೊತ್ತಾದದ್ದು. 2015ರಲ್ಲಿ ತೀರಿಕೊಂಡಾಗ ಆತನಿಗೆ 106 ವರ್ಷ.

ಇದೇ ನಿಲ್ದಾಣದಲ್ಲಿ 2017ರಲ್ಲಿ ಇನ್ನೊಂದು ಸ್ಮಾರಕವನ್ನೂ ಇಟ್ಟಿದ್ದರು. ಆ ಕಾಲದ ರೈಲಿನ ಬಾಗಿಲಿನ ಪ್ರತಿಕೃತಿ ಅದು. ಅದರ ಗಾಜಿನ ಒಂದು ಬದಿಯಲ್ಲಿ ಪುಟ್ಟ ಪುಟ್ಟ ಕೈಗಳ ಅಚ್ಚು. ಇನ್ನೊಂದು ಬದಿಯಲ್ಲಿ ದೊಡ್ಡವರ ಕೈಗಳ ಅಚ್ಚು. ಮಕ್ಕಳು ಒಳಗೆ, ಅಪ್ಪ ಅಮ್ಮ ಹೊರಗೆ. ಹಾಗೆ ಬೀಳ್ಕೊಟ್ಟ ಹೆಚ್ಚಿನ ತಂದೆತಾಯಿಯರು ಯುದ್ಧ ಮುಗಿಯುವ ಹೊತ್ತಿಗೆ ಉಳಿದಿರಲಿಲ್ಲ.

ಮೂವತ್ತು ವರ್ಷ ನಾನು "ಎರಡನೆಯ ಮಹಾಯುದ್ಧದ ಕಾರಣಗಳು ಮತ್ತು ಪರಿಣಾಮಗಳು" ಎಂದು ಕರಿಹಲಗೆಯ ಮೇಲೆ ಬರೆದವಳು. ಐದು ಅಂಕದ ಪ್ರಶ್ನೆ ಅದು. ಪರಿಣಾಮ ಎಂದರೆ ಒಂದು ಗಾಜಿನ ಎರಡು ಬದಿಯ ಕೈಗಳು ಎಂದು ಒಂದು ದಿನವೂ ಹೇಳಿರಲಿಲ್ಲ.

ಹಳೆಯ ಕುದುರೆ ಸಂತೆ

ನಿಲ್ದಾಣದಿಂದ ಹತ್ತು ನಿಮಿಷ ನಡೆದರೆ ವೆನ್ಸೆಸ್ಲಾಸ್ ಚೌಕ. ಹೆಸರಿಗೆ ಚೌಕ, ನೋಡಿದರೆ ಮುಕ್ಕಾಲು ಕಿಲೋಮೀಟರ್ ಉದ್ದದ, 60 ಮೀಟರ್ ಅಗಲದ ಇಳಿಜಾರು ರಸ್ತೆ. ನಾಲ್ಕನೆಯ ಚಾರ್ಲ್ಸ್ ಎಂಬ ದೊರೆ 1348ರಲ್ಲಿ ಪ್ರಾಗ್‌ನ ಹೊಸ ಪೇಟೆ ಕಟ್ಟಿಸಿದಾಗ ಇದು ಕುದುರೆ ಸಂತೆಯ ಮೈದಾನವಾಗಿತ್ತು. ನಮ್ಮಲ್ಲಿ ಹರಿಹರ ಬುಕ್ಕರು ವಿಜಯನಗರ ಸ್ಥಾಪಿಸಿದ್ದು 1336ರಲ್ಲಿ. ಹೆಚ್ಚುಕಡಿಮೆ ಒಂದೇ ಕಾಲ ಎಂದುಕೊಳ್ಳಿ.

ಮೇಲ್ತುದಿಯಲ್ಲಿ ರಾಷ್ಟ್ರೀಯ ವಸ್ತು ಸಂಗ್ರಹಾಲಯದ ಭವ್ಯ ಕಟ್ಟಡವಿದೆ. 1968ರ ಆಗಸ್ಟ್‌ನಲ್ಲಿ ಸೋವಿಯತ್ ಒಕ್ಕೂಟ ಮತ್ತು ಅದರ ಮಿತ್ರ ದೇಶಗಳ ಟ್ಯಾಂಕುಗಳು ಪ್ರಾಗ್‌ಗೆ ನುಗ್ಗಿದಾಗ ಸೈನಿಕರು ಹಾರಿಸಿದ ಗುಂಡುಗಳು ಇದರ ಮುಖಕ್ಕೂ ಬಡಿದವು. ಕಟ್ಟಡದ ಮುಂದೆ ನೆಲಗಲ್ಲಿನಲ್ಲೇ ಉಬ್ಬಿಬಂದಂತೆ ಒಂದು ಶಿಲುಬೆ ಮಲಗಿದೆ. ಗಮನಿಸದಿದ್ದರೆ ಎಡವುತ್ತೀರಿ. ಅದು ಯಾನ್ ಪಲಾಖ್‌ನ ನೆನಪು. ಇತಿಹಾಸ ಓದುತ್ತಿದ್ದ 20 ವರ್ಷದ ಹುಡುಗ. ಆಕ್ರಮಣಕ್ಕೆ ಜನ ಒಗ್ಗಿಹೋಗುತ್ತಿದ್ದಾರಲ್ಲ ಎಂಬ ಸಂಕಟದಲ್ಲಿ 1969ರ ಜನವರಿ 16ರಂದು ಇಲ್ಲಿ ಮೈಗೆ ಬೆಂಕಿ ಹಚ್ಚಿಕೊಂಡ. ಮೂರು ದಿನದ ನಂತರ ತೀರಿಕೊಂಡ. ದೇಶ ಅವನನ್ನು ಮರೆತಿಲ್ಲ, ನಿಜ. ಆದರೆ ಅಲ್ಲಿ ನಿಂತಾಗ ನನಗೆ ದೇಶ ನೆನಪಾಗಲಿಲ್ಲ, ಆ ಹುಡುಗನ ತಾಯಿ ನೆನಪಾದಳು. ಯಾವ ಮಗುವೂ ಆ ದಾರಿ ಹಿಡಿಯಬಾರದು. ಮಾತು ಬಿಟ್ಟಿದ್ದ ನನ್ನ ಮಗ ನಾಲ್ಕು ಹೆಜ್ಜೆ ದೂರದಲ್ಲಿ ನೀರಿನ ಬಾಟಲಿ ಹಿಡಿದು ನನಗಾಗಿ ಕಾಯುತ್ತಿದ್ದ. ಮನಸ್ಸಿನ ಒಂದು ಗಂಟು ಅಲ್ಲೇ ಸಡಿಲವಾಯಿತು.

ಇಳಿಜಾರಿನಲ್ಲಿ ಕೆಳಗೆ ಬಂದರೆ ಎಡಗಡೆ ಗಾಜಿನ ಗೋಡೆಯ ಎತ್ತರದ ಕಟ್ಟಡದ ಮೇಲೆ ಕೆಂಪು ಅಕ್ಷರದಲ್ಲಿ "ಬಾಟಾ" ಎಂಬ ಹೆಸರು. ನಾನು ಅವಾಕ್ಕಾದೆ. ಜೂನ್ ತಿಂಗಳು ಬಂತೆಂದರೆ ಮಕ್ಕಳನ್ನು ಕರೆದುಕೊಂಡು ಹೋಗಿ ಕಪ್ಪು ಷೂ ಕೊಡಿಸುತ್ತಿದ್ದ ಬಾಟಾ ನಮ್ಮ ದೇಶದ್ದೇ ಎಂದುಕೊಂಡಿದ್ದೆ. ಅದು ಹುಟ್ಟಿದ್ದು 1894ರಲ್ಲಿ, ಈಗ ಚೆಕ್ ದೇಶದಲ್ಲಿರುವ ಜ್ಲೀನ್ ಎಂಬ ಊರಿನಲ್ಲಂತೆ! ಪ್ರಾಗ್‌ನ ಈ ಕಟ್ಟಡ 1929ರದ್ದು. ಊರೆಲ್ಲ ಸಣ್ಣ ಸಣ್ಣ ಕಲ್ಲು ಜೋಡಿಸಿದ ದಾರಿ. ಇಂಥ ಊರಿನವರಿಗೆ ಒಳ್ಳೆಯ ಚಪ್ಪಲಿಯ ಬೆಲೆ ಗೊತ್ತಿರಲೇಬೇಕು.

ನವೆಂಬರ್ 17

ಚೌಕದ ಕೆಳತುದಿಯಿಂದ ಎಡಕ್ಕೆ ಹೊರಳಿ ಹತ್ತು ನಿಮಿಷ ನಡೆದರೆ ನಾರೋದ್ನಿ ರಸ್ತೆಯಲ್ಲಿ ಕಮಾನಿನ ಮೊಗಸಾಲೆಯ ಗೋಡೆಯ ಮೇಲೆ ಕಂಚಿನ ಕೈಗಳು. ಕೆಳಗೆ ಒಂದು ತಾರೀಕು: 17.11.1989.

ವಿದ್ಯಾರ್ಥಿಗಳೇ, ಈ ತಾರೀಕನ್ನು ನೀವು ಬಲ್ಲಿರಿ. ನವೆಂಬರ್ 17 ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ದಿನ. ಅದು ಬಂದದ್ದು ಇದೇ ಊರಿನಿಂದ. 1939ರಲ್ಲಿ ನಾಜಿಗಳ ವಿರುದ್ಧ ನಡೆದ ಪ್ರದರ್ಶನದಲ್ಲಿ ಯಾನ್ ಒಪ್ಲೆಟಲ್ ಎಂಬ ವೈದ್ಯಕೀಯ ವಿದ್ಯಾರ್ಥಿಗೆ ಗುಂಡು ತಗುಲಿತು, ಕೆಲವು ದಿನಗಳಲ್ಲಿ ಆತ ಸತ್ತ. ಅವನ ಅಂತ್ಯಯಾತ್ರೆಯೇ ಮತ್ತೊಂದು ಪ್ರದರ್ಶನವಾಯಿತು. ಸೇಡಿಗೆಂದು ನಾಜಿಗಳು ನವೆಂಬರ್ 17ರಂದು ಒಂಬತ್ತು ಮಂದಿಯನ್ನು ಕೊಂದರು. ಸುಮಾರು 1,200 ವಿದ್ಯಾರ್ಥಿಗಳನ್ನು ಯಾತನಾ ಶಿಬಿರಕ್ಕೆ ಅಟ್ಟಿದರು. ಚೆಕ್ ವಿಶ್ವವಿದ್ಯಾಲಯಗಳಿಗೆ ಬೀಗ ಜಡಿದರು.

ಸರಿಯಾಗಿ ಐವತ್ತು ವರ್ಷದ ಬಳಿಕ, 1989ರ ಅದೇ ದಿನ, ಆ ನೆನಪಿಗೆ ಮೆರವಣಿಗೆ ಹೊರಟ ವಿದ್ಯಾರ್ಥಿಗಳನ್ನು ಕಮ್ಯುನಿಸ್ಟ್ ಸರ್ಕಾರದ ಪೊಲೀಸರು ಈ ನಾರೋದ್ನಿ ರಸ್ತೆಯಲ್ಲಿ ತಡೆದು ಬಡಿದರು. ಹುಡುಗರ ಕೈಯಲ್ಲಿ ಹೂವು, ಮೇಣದ ಬತ್ತಿ ಬಿಟ್ಟರೆ ಏನೂ ಇರಲಿಲ್ಲ. ನಮ್ಮದು ಬರಿಗೈ ಎಂದು ಅವರು ಕೈ ಎತ್ತಿ ತೋರಿಸಿದರು. ಗೋಡೆಯ ಮೇಲಿನ ಕೈಗಳು ಅವೇ. ಮುಂದಿನ ದಿನಗಳಲ್ಲಿ ಲಕ್ಷಾಂತರ ಜನ ಬೀದಿಗಿಳಿದರು. ವೆನ್ಸೆಸ್ಲಾಸ್ ಚೌಕದಲ್ಲಿ ನಿಂತು ಜೇಬಿನ ಕೀಲಿಕೈ ಗೊಂಚಲು ಅಲ್ಲಾಡಿಸಿದರು. ಗಂಟೆ ಹೊಡೆಯಿತು, ಇನ್ನು ಹೊರಡಿ ಎಂದು ಅದರ ಅರ್ಥ. ಸರ್ಕಾರ ಹೊರಟೂ ಹೋಯಿತು. ಡಿಸೆಂಬರ್ 29ರಂದು ನಾಟಕಕಾರ ವಾಸ್ಲಾವ್ ಹಾವೆಲ್ ಅಧ್ಯಕ್ಷರಾದರು. 1993ರ ಜನವರಿ 1ರಂದು ಚೆಕೊಸ್ಲೊವಾಕಿಯ ಜಗಳವಿಲ್ಲದೆ ಎರಡು ದೇಶವಾಯಿತು.

ಪಂಚಾಂಗ ಹೇಳುವ ಗಡಿಯಾರ

ಅಲ್ಲಿಂದ ಹಿಂತಿರುಗಿ ಹಳೆ ಪೇಟೆಯ ಓಣಿಗಳಿಗೆ ಬಂದೆವು. ಮೊದಲು ಸಿಕ್ಕಿದ್ದು ಕರೊಲಿನಂ, ಅಂದರೆ 1348ರಲ್ಲಿ ಹುಟ್ಟಿದ ಚಾರ್ಲ್ಸ್ ವಿಶ್ವವಿದ್ಯಾಲಯದ ಹಳೆಯ ಮನೆ. ಪದವಿ ಪ್ರದಾನ ಈಗಲೂ ಇಲ್ಲೇ. ಮುಂದೆ ಹಳೆ ಪೇಟೆಯ ದೊಡ್ಡ ಚೌಕ. ಅಲ್ಲಿ ಇಡೀ ಪ್ರಪಂಚವೇ ಒಂದು ಗಡಿಯಾರದ ಕೆಳಗೆ ಕತ್ತೆತ್ತಿ ನಿಂತಿತ್ತು.

1410ರ ಈ ಗಡಿಯಾರ ಇಂದಿಗೂ ನಡೆಯುತ್ತಿದೆ. ಗಂಟೆಯಾಗುತ್ತಲೇ ಒಂದು ಅಸ್ಥಿಪಂಜರ ಗಂಟೆಯ ಹಗ್ಗ ಎಳೆಯುತ್ತದೆ. ಅದು ಮೃತ್ಯು. ಕನ್ನಡಿ ಹಿಡಿದ ಜಂಬಗಾರ, ಹಣದ ಥೈಲಿ ಹಿಡಿದ ಜಿಪುಣ, ಒಬ್ಬ ತುರ್ಕಿಯವ, ಈ ಮೂವರೂ "ಈಗಲೇ ಒಲ್ಲೆ" ಎನ್ನುವಂತೆ ತಲೆಯಾಡಿಸುತ್ತಾರೆ. ಮೇಲಿನ ಕಿಟಕಿಗಳಲ್ಲಿ ಏಸುವಿನ ಶಿಷ್ಯರು ಸಾಲಾಗಿ ಬಂದು ಹೋಗುತ್ತಾರೆ. ಕೊನೆಗೆ ಒಂದು ಹುಂಜ ಕೂಗುತ್ತದೆ. ಒಂದು ನಿಮಿಷದೊಳಗೆ ಆಟ ಮುಗಿಯಿತು! ಜನ ಚದುರಿದರು.

ನಿಜವಾದ ಆಟ ಜನ ಚದುರಿದ ಮೇಲೆ ನೋಡಬೇಕು. ಮುಖಬಿಲ್ಲೆಯಲ್ಲಿ ಮೇಷ, ವೃಷಭ, ಮಿಥುನ ಎಂದು ಹನ್ನೆರಡು ರಾಶಿಗಳ ಚಕ್ರವಿದೆ. ಸೂರ್ಯ ಯಾವ ರಾಶಿಯಲ್ಲಿದ್ದಾನೆ, ಚಂದ್ರ ಎಲ್ಲಿದ್ದಾನೆ, ಶುಕ್ಲವೋ ಕೃಷ್ಣವೋ, ಎಲ್ಲವನ್ನೂ ಅದು ತೋರಿಸುತ್ತದೆ. ಹೊರಗಿನ ಬಳೆ ಹಳೆಯ ಬೊಹೀಮಿಯಾದ ಹೊತ್ತು ಹೇಳುತ್ತದೆ. ಅಲ್ಲಿ ದಿನ ಮುಗಿಯುವುದು ಸೂರ್ಯ ಮುಳುಗಿದಾಗ. ಅಲ್ಲಿಂದ ಮತ್ತೆ ಒಂದು, ಎರಡು ಎಂದು 24ರವರೆಗೆ ಎಣಿಕೆ. ನಮ್ಮ ಪಂಚಾಂಗದವರು ಸೂರ್ಯೋದಯದಿಂದ ಗಳಿಗೆ ಎಣಿಸುತ್ತಾರೆ, ಇವರು ಸೂರ್ಯಾಸ್ತದಿಂದ ಎಣಿಸುತ್ತಿದ್ದರು, ಅಷ್ಟೇ ವ್ಯತ್ಯಾಸ. ಇದನ್ನು ಕಟ್ಟಿದವನು ಇಂಥದು ಇನ್ನೊಂದು ಕಟ್ಟಬಾರದೆಂದು ಅವನ ಕಣ್ಣು ಕೀಳಿಸಿದರು ಎಂದು ಊರಿನ ಕತೆ. ಆ ಕತೆ ನಿಜವಲ್ಲ. ಕಟ್ಟಿದವನು ಕಡಾನ್‌ನ ಮಿಕುಲಾಷ್ ಎಂಬ ಗಡಿಯಾರಗಾರ. ಲೆಕ್ಕದಲ್ಲಿ ನೆರವಾದವನು ಖಗೋಳಶಾಸ್ತ್ರ ಬಲ್ಲ ಯಾನ್ ಷಿಂಡೆಲ್ ಎಂಬ ವಿಶ್ವವಿದ್ಯಾಲಯದ ಮೇಷ್ಟರು. ಯಾರ ಕಣ್ಣೂ ಹೋಗಲಿಲ್ಲ.

ಗಡಿಯಾರದ ಪಕ್ಕದ ನೆಲದಲ್ಲಿ 27 ಬಿಳಿ ಶಿಲುಬೆಗಳಿವೆ. ಚಕ್ರವರ್ತಿಯ ವಿರುದ್ಧ ದಂಗೆಯೆದ್ದು ಸೋತ 27 ಮಂದಿಗೆ 1621ರ ಜೂನ್ 21ರಂದು ಇಲ್ಲಿ ಮರಣದಂಡನೆಯಾಯಿತು. ಅವರಲ್ಲಿ ವಿಶ್ವವಿದ್ಯಾಲಯದ ಮುಖ್ಯಸ್ಥನೂ ವೈದ್ಯನೂ ಆಗಿದ್ದ ಯಾನ್ ಯೆಸೆನಿಯಸ್ ಒಬ್ಬ. ಚೌಕದ ನಡುವೆ ಯಾನ್ ಹುಸ್‌ನ ದೊಡ್ಡ ಸ್ಮಾರಕ. ಆತನೂ ಅದೇ ವಿಶ್ವವಿದ್ಯಾಲಯದ ಮುಖ್ಯಸ್ಥನಾಗಿದ್ದವನು. ಚರ್ಚಿನ ತಪ್ಪುಗಳನ್ನು ಎತ್ತಿ ಹೇಳಿದ್ದಕ್ಕೆ 1415ರಲ್ಲಿ ಅವನನ್ನು ಸುಟ್ಟರು. ಹುಸ್‌ನ ಅನುಯಾಯಿಗಳ ನೆನಪಿನಿಂದ ಬಂದ ಮಾತೊಂದು ಇಂದು ಚೆಕ್ ಅಧ್ಯಕ್ಷರ ಧ್ವಜದ ಮೇಲಿದೆ: "ಸತ್ಯ ಗೆಲ್ಲುತ್ತದೆ." ನಮ್ಮ ರಾಷ್ಟ್ರ ಲಾಂಛನದ "ಸತ್ಯಮೇವ ಜಯತೇ" ಎನ್ನುವ ಮಾತೇ ಅಲ್ಲವೇ?

ಇದನ್ನು ಓದಿ ಹೇಳಿದವನು ಮಗ. ಹೇಳಿ ಸುಮ್ಮನಾದ. ಆಮೇಲೆ ಮೆಲ್ಲಗೆ, "ನಂಗೆ ಹೇಳೋಕೆ ಆರು ತಿಂಗಳು ಬೇಕಾಯ್ತಮ್ಮ" ಎಂದ. ಬೆಂಚಿನ ಮೇಲೆ ಕೂತು ಚಪಾತಿ ತಿಂದೆವು. ಚಟ್ನಿಪುಡಿ ಅವನ ತಟ್ಟೆಗೆ ಸ್ವಲ್ಪ ಜಾಸ್ತಿಯೇ ಹಾಕಿದೆ.

ಗುಟ್ಟು ಬಿಡದ ಪಾದ್ರಿ

ಓಣಿಗಳಲ್ಲಿ ಹತ್ತು ನಿಮಿಷ ತಿರುಗಿದರೆ ವಲ್ತಾವಾ ನದಿ, ಅದರ ಮೇಲೆ ಚಾರ್ಲ್ಸ್ ಸೇತುವೆ. ಬೆಳಿಗ್ಗೆ ರೈಲಿನ ಪಕ್ಕ ಬಂದ ಎಲ್ಬ್ ನದಿಯನ್ನು ಸೇರುವುದು ಇದೇ ವಲ್ತಾವಾ. ಸೇತುವೆಯ ಉದ್ದ 516 ಮೀಟರ್, 16 ಕಮಾನು, ಎರಡೂ ಕಡೆ ಸೇರಿ 30 ವಿಗ್ರಹ ಗುಂಪುಗಳು. ಶಂಕುಸ್ಥಾಪನೆ 1357ರಲ್ಲಿ. ದೊರೆ ಜೋಯಿಸರನ್ನು ಕೇಳಿ ಆ ವರ್ಷದ ಏಳನೇ ತಿಂಗಳ ಒಂಬತ್ತನೇ ದಿನ ಬೆಳಗಿನ ಜಾವ 5 ಗಂಟೆ 31 ನಿಮಿಷಕ್ಕೆ ಮೊದಲ ಕಲ್ಲು ಇಟ್ಟನೆಂದು ಹೇಳುತ್ತಾರೆ. 1, 3, 5, 7, 9, 7, 5, 3, 1 ಎಂದು ಬರೆದು ನೋಡಿ, ಹೇಗೆ ಓದಿದರೂ ಒಂದೇ! ಮುಹೂರ್ತದ ಹುಚ್ಚು ನಮ್ಮವರಿಗೆ ಮಾತ್ರ ಎಂದುಕೊಳ್ಳಬೇಡಿ.

ಗಾರೆ ಗಟ್ಟಿಯಾಗಲೆಂದು ಊರೂರಿಂದ ಮೊಟ್ಟೆ ತರಿಸಿದರೆಂದೂ, ಒಂದು ಊರಿನವರು ದಾರಿಯಲ್ಲಿ ಒಡೆದೀತೆಂದು ಬೇಯಿಸಿಯೇ ಕಳಿಸಿದರೆಂದೂ ಇನ್ನೊಂದು ಕತೆ. ನಮ್ಮ ಹಳಬರು ಗಾರೆಗೆ ಬೆಲ್ಲ, ಅಳಲೆಕಾಯಿ ಹಾಕುತ್ತಿದ್ದುದನ್ನು ಮಗನಿಗೆ ಹೇಳಿದೆ. ಬೆಳಗಿನಿಂದ ನಾನಾಗಿಯೇ ಆಡಿದ ಮೊದಲ ಉದ್ದ ಮಾತು ಅದು.

ಸೇತುವೆಯ ನಡುವೆ ಜನ ಸಾಲುಗಟ್ಟಿ ಒಂದು ವಿಗ್ರಹದ ಪೀಠ ಮುಟ್ಟುತ್ತಿದ್ದರು. ಕಂಚು ಉಜ್ಜಿ ಉಜ್ಜಿ ಚಿನ್ನದಂತೆ ಹೊಳೆಯುತ್ತಿತ್ತು. ಅದು ನೆಪೊಮುಕ್‌ನ ಯಾನ್ ಎಂಬ ಪಾದ್ರಿಯದು. 1393ರಲ್ಲಿ ರಾಜ ಅವನನ್ನು ನದಿಗೆ ಎಸೆಸಿದ. ರಾಣಿ ತನ್ನ ಬಳಿ ಹೇಳಿಕೊಂಡ ಗುಟ್ಟನ್ನು ಬಿಟ್ಟುಕೊಡದ್ದಕ್ಕೆ ಈ ಶಿಕ್ಷೆ ಎಂದು ಐತಿಹ್ಯ.

ಮಗ ನನ್ನ ಮುಖವನ್ನೂ ನೀರನ್ನೂ ಒಮ್ಮೆ ನೋಡಿ, "ಅಮ್ಮಾ, ನಾನೂ ಆರು ತಿಂಗಳು ಗುಟ್ಟು ಕಾಪಾಡಿದೀನಿ. ಇಲ್ಲಿಂದ ಎಸೆದುಬಿಡ್ತೀಯಾ?" ಎಂದ.

ನಗು ತಡೆಯಲಾಗಲಿಲ್ಲ. "ನಿನ್ನನ್ನ ಎತ್ತೋ ಶಕ್ತಿ ಈಗ ನಂಗಿಲ್ಲ, ನಡಿ" ಎಂದೆ.

585 ವರ್ಷದ ಕೆಲಸ

ನದಿಯಾಚೆ ಕೋಟೆಗೆ ಹತ್ತುವ ದಾರಿ ನೆರುದೋವಾ ಬೀದಿ. ಮೊಣಕಾಲಿಗೆ ಪರೀಕ್ಷೆ. ಆದರೆ ನಿಂತು ಸುಧಾರಿಸಿಕೊಳ್ಳಲು ಮನೆಗೊಂದು ನೆಪವಿದೆ. ಮನೆಗಳಿಗೆ ನಂಬರು ಇಲ್ಲದ ಕಾಲದಲ್ಲಿ ಬಾಗಿಲ ಮೇಲಿನ ಚಿತ್ರವೇ ವಿಳಾಸ. ಒಂದು ಮನೆಗೆ ಎರಡು ಸೂರ್ಯ, ಒಂದಕ್ಕೆ ಮೂರು ಪಿಟೀಲು, ಇನ್ನೊಂದಕ್ಕೆ ಕೆಂಪು ಕುರಿಮರಿ. ಎರಡು ಸೂರ್ಯರ ಮನೆಯಲ್ಲಿ ಬೆಳೆದ ಲೇಖಕ ಯಾನ್ ನೆರುದಾನ ಹೆಸರೇ ಬೀದಿಗೆ ಇದೆ.

ಕೋಟೆಯೊಳಗೆ ಸೇಂಟ್ ವೀಟಸ್ ಮಹಾ ಇಗರ್ಜಿ ಒಮ್ಮೆಲೇ ಎದುರಿಗೆ ಬಂದು ನಿಲ್ಲುತ್ತದೆ. ಕಟ್ಟಲು ಶುರು ಮಾಡಿದ್ದು 1344ರಲ್ಲಿ. ಮೊದಲ ಶಿಲ್ಪಿ ಎಂಟು ವರ್ಷದಲ್ಲಿ ತೀರಿಕೊಂಡ. ಆಮೇಲೆ ಕೆಲಸ ವಹಿಸಿಕೊಂಡ ಪೀಟರ್ ಪಾರ್ಲರ್‌ಗೆ ಆಗ ಇಪ್ಪತ್ತರ ಹರೆಯ. ಅವನೂ ಹೋದ, ಅವನ ಮಕ್ಕಳೂ ಹೋದರು. ಹುಸ್‌ನ ಅನುಯಾಯಿಗಳ ಯುದ್ಧ ಬಂತು, ಕೆಲಸ ನಿಂತಿತು. ಶತಮಾನಗಟ್ಟಲೆ ಅರ್ಧ ಇಗರ್ಜಿಗೆ ಗೋಡೆ ಹಾಕಿಕೊಂಡು ಜನ ಪ್ರಾರ್ಥನೆ ಮಾಡಿದರು. ಹತ್ತೊಂಬತ್ತನೆಯ ಶತಮಾನದಲ್ಲಿ ಮತ್ತೆ ಕೈ ಹಚ್ಚಿ 1929ರಲ್ಲಿ ಮುಗಿಸಿದರು. ಒಟ್ಟು 585 ವರ್ಷ!

ನಮ್ಮ ಬೇಲೂರಿನ ಗುಡಿಗೆ 103 ವರ್ಷ ಹಿಡಿಯಿತೆಂದು ಗೈಡುಗಳು ಹೇಳುವಾಗ ನನ್ನ ಶಾಲೆಯ ಮಕ್ಕಳು ಬಾಯಿ ಬಿಡುತ್ತಿದ್ದರು. ಇಲ್ಲಿ ಬಾಯಿ ಬಿಟ್ಟವಳು ನಾನು. ಯಾವ ಕಲ್ಲು ಹದಿನಾಲ್ಕನೆಯ ಶತಮಾನದ್ದು, ಯಾವುದು ಇಪ್ಪತ್ತನೆಯದು ಎಂದು ಒಳಗೆ ನಿಂತ ನನಗೆ ಗೊತ್ತಾಗಲಿಲ್ಲ. ತಡವಾಗಿ ಇಟ್ಟ ಕಲ್ಲೂ ಅದೇ ಭಾರ ಹೊರುತ್ತದೆ.

ಎಂಟು ದಿನದ ಲೆಕ್ಕ

ಕೋಟೆಯ ಹಿಂದಿನಿಂದ ಹದಿನೈದು ನಿಮಿಷ ನಡೆದರೆ ಪೊಹೊರ್ಜೆಲೆಟ್ಸ್ ಎಂಬ ಜಾಗ. ಪ್ರವಾಸಿಗಳು ಇಲ್ಲಿಗೆ ಬರುವುದು ಕಡಿಮೆ. ಮಗ ಹಟ ಹಿಡಿದು ಕರೆದೊಯ್ದ. ಒಂದು ಶಾಲೆಯ ಮುಂದೆ ಅಕ್ಕಪಕ್ಕ ನಿಂತ ಇಬ್ಬರ ಪ್ರತಿಮೆ. ಒಬ್ಬ ಟೀಕೊ ಬ್ರಾಹೆ, ಇನ್ನೊಬ್ಬ ಯೊಹಾನೆಸ್ ಕೆಪ್ಲರ್. ಬ್ರಾಹೆಯ ಸಮಾಧಿ ಬೆಳಿಗ್ಗೆ ನಾವು ನೋಡಿದ ದೊಡ್ಡ ಚೌಕದ ಟೀನ್ ಇಗರ್ಜಿಯಲ್ಲಿದೆ.

"ಇನ್ನು ನನ್ನ ಪಾಠ" ಎಂದು ಮಗ ಕಟ್ಟೆಯ ಮೇಲೆ ಕೂತ.

ದೂರದರ್ಶಕವೇ ಇಲ್ಲದ ಕಾಲದಲ್ಲಿ ಬ್ರಾಹೆ ಬರಿಗಣ್ಣಿನಿಂದ ಗ್ರಹಗಳ ಸ್ಥಾನವನ್ನು ವರ್ಷಗಟ್ಟಲೆ ಅಳೆದು ಬರೆದಿಟ್ಟಿದ್ದ. 1600ರಲ್ಲಿ ಕೆಪ್ಲರ್ ಅವನ ಜೊತೆ ಸೇರಿದ. ಮಂಗಳ ಗ್ರಹದ ದಾರಿ ಯಾರ ಲೆಕ್ಕಕ್ಕೂ ಸಿಗುತ್ತಿರಲಿಲ್ಲ. ಎಂಟು ದಿನದಲ್ಲಿ ಬಿಡಿಸುತ್ತೇನೆ ಎಂದು ಕೆಪ್ಲರ್ ಪಂತ ಕಟ್ಟಿದ. ಹಿಡಿದದ್ದು ಸುಮಾರು ಐದು ವರ್ಷ. ಮರುವರ್ಷವೇ ಬ್ರಾಹೆ ತೀರಿಕೊಂಡ. ಕೆಪ್ಲರ್‌ಗೆ ಅರಮನೆಯ ಸಂಬಳ ಸರಿಯಾಗಿ ಬರುತ್ತಿರಲಿಲ್ಲ. ನಡುವೆ ಒಮ್ಮೆ ಲೆಕ್ಕ ಹೆಚ್ಚುಕಡಿಮೆ ಕೂಡಿಬಂತು. ಬ್ರಾಹೆಯ ಅಳತೆಗೂ ಅದಕ್ಕೂ ಇದ್ದ ವ್ಯತ್ಯಾಸ ಕೋನದ ಎಂಟು ನಿಮಿಷ, ಅಂದರೆ ಆಕಾಶದಲ್ಲಿ ಹುಣ್ಣಿಮೆ ಚಂದ್ರನ ಅಗಲದ ಸುಮಾರು ಕಾಲು ಭಾಗ. ಬೇರೆಯವರಾಗಿದ್ದರೆ ಸಾಕು ಎಂದು ಬಿಡುತ್ತಿದ್ದರು. ಬ್ರಾಹೆಯ ಅಳತೆ ಅಷ್ಟು ತಪ್ಪಿರಲಾರದು, ತಪ್ಪು ನನ್ನದೇ ಎಂದು ಕೆಪ್ಲರ್ ಎಲ್ಲವನ್ನೂ ಅಳಿಸಿ ಮತ್ತೆ ಮೊದಲಿನಿಂದ ಶುರು ಮಾಡಿದ. ಗ್ರಹ ಸುತ್ತುವುದು ವೃತ್ತದಲ್ಲಲ್ಲ, ದೀರ್ಘವೃತ್ತದಲ್ಲಿ ಎಂದು ಕೊನೆಗೆ ಹೊಳೆಯಿತು. 1609ರಲ್ಲಿ ಪುಸ್ತಕ ಹೊರಬಂತು. ಇಂದು ಕಾಲೇಜಿನಲ್ಲಿ ಓದುವ ಕೆಪ್ಲರನ ಮೊದಲ ಎರಡು ನಿಯಮಗಳು ಅದರಲ್ಲಿವೆ.

ಹೇಳುತ್ತಾ ಹೇಳುತ್ತಾ ಮಗನ ಕಣ್ಣು ಮಿನುಗುತ್ತಿತ್ತು. ಇಂಥ ಹುಡುಗನಿಗೆ ಓದು ಬರುವುದಿಲ್ಲವೆಂದು ಯಾರು ಹೇಳಿಯಾರು ಎನ್ನಿಸಿತು. ತರಗತಿಯಲ್ಲಿ ಎಷ್ಟು ಮಕ್ಕಳಿಗೆ ನಾನು "ಎಂಟು ದಿನ ಕೊಟ್ಟಿದ್ದೆ, ಇನ್ನೂ ಬರಲಿಲ್ಲವಾ?" ಎಂದಿದ್ದೆನೋ! ಅವರು ಯಾರೂ ಎದುರು ಮಾತಾಡಲಿಲ್ಲ. ಉತ್ತರ ಮುಚ್ಚಿಟ್ಟುಕೊಂಡರು, ಅಷ್ಟೇ. ನನ್ನ ಮನೆಯಲ್ಲೂ ಆದದ್ದು ಅದೇ.

"ಯಾಕೋ ಮೊದಲೇ ಹೇಳಲಿಲ್ಲ?" ಎಂದು ಆಗ ಕೇಳಿದೆ. ರೈಲಿನಲ್ಲೇ ಕೇಳಬೇಕಾಗಿದ್ದ ಪ್ರಶ್ನೆ ಅದು.

"ಫೋನಲ್ಲಿ ನೀವು ಕೇಳ್ತಿದ್ದಿದ್ದು ಓದು ಹೇಗಿದೆ ಅಂತ. ನೀನು ಹೇಗಿದ್ದೀಯ ಅಂತ ಕೇಳಿದ್ರೆ ಹೇಳಿಬಿಡ್ತಿದ್ದೆನೋ ಏನೋ" ಎಂದ.

ನನ್ನಲ್ಲಿ ಉತ್ತರವಿರಲಿಲ್ಲ. ಸ್ವಲ್ಪ ಹೊತ್ತು ನಾಲ್ವರೂ ಸುಮ್ಮನೆ ಇದ್ದೆವು: ಬ್ರಾಹೆ, ಕೆಪ್ಲರ್, ಮಗ ಮತ್ತು ನಾನು. ಆಮೇಲೆ ಮನೆ ಸಾಲದ ಲೆಕ್ಕ, ಆರು ತಿಂಗಳ ಹೆಚ್ಚಿನ ಖರ್ಚು, ಅವನು ಸಂಜೆ ಮಾಡಬಹುದಾದ ಕೆಲಸ ಎಲ್ಲವನ್ನೂ ಒಂದು ಚೀಟಿಯ ಮೇಲೆ ಬರೆದೆವು. ಭಯ ಚೀಟಿಯ ಮೇಲೆ ಇಳಿದಾಗ ನಾಲ್ಕೇ ಸಾಲು ಆಯಿತು.

ಮತ್ತೆ ಅದೇ ನಿಲ್ದಾಣ

ಬೆಳಗಿನಿಂದ ಏಳೆಂಟು ಕಿಲೋಮೀಟರ್ ಆಗಿತ್ತು. ಕಾಲು "ಸಾಕು" ಎಂದಿತು. ಕೊನೆಗೆ ಟ್ರಾಮ್ ಹತ್ತಿ ನಿಲ್ದಾಣದ ಕಡೆಗೆ ಇಳಿದೆವು. ಜೂನ್‌ನಲ್ಲಿ ಅಲ್ಲಿ ರಾತ್ರಿ ಒಂಬತ್ತಾದರೂ ಬೆಳಕು. ಹಳೆಯ ಗಡಿಯಾರದ ಲೆಕ್ಕದಲ್ಲಿ ಇನ್ನೂ ಆ ದಿನವೇ ಮುಗಿದಿರಲಿಲ್ಲ.

ರೈಲಿಗೆ ಸಮಯವಿತ್ತು. ಆ ಬಾಗಿಲಿನ ಹತ್ತಿರ ಮತ್ತೊಮ್ಮೆ ಹೋದೆ. ದೊಡ್ಡವರ ಕೈಗಳಿದ್ದ ಬದಿಯಲ್ಲಿ ಒಂದರ ಮೇಲೆ ನನ್ನ ಕೈಯಿಟ್ಟೆ. ಗಾಜು ತಣ್ಣಗಿತ್ತು. ಆ ತಾಯಂದಿರು ಮಕ್ಕಳನ್ನು ಹತ್ತಿಸಿದ್ದು ಬದುಕಿರಲಿ ಎಂದು. ಅವರಿಗೂ ನಮಗೂ ಹೋಲಿಕೆಯೇ ಇಲ್ಲ, ನಮ್ಮದು ಸುಖದ ಬೀಳ್ಕೊಡುಗೆ. ಆದರೂ ವಿಮಾನ ನಿಲ್ದಾಣದಲ್ಲಿ ಮಗನಿಗೆ ನಾನು ಹೇಳಿದ ಕೊನೆಯ ಮಾತು ಏನಿತ್ತೆಂದು ನೆನಪು ಮಾಡಿಕೊಂಡೆ. "ಚೆನ್ನಾಗಿ ಓದು" ಎಂದಿದ್ದೆ. ಗಾಜಿನ ಆ ಬದಿಯಿಂದ ಮಗ ತನ್ನ ಕೈಯಿಟ್ಟ. ಅವನ ಕೈ ಅಲ್ಲಿದ್ದ ಎಲ್ಲ ಕೈಗಳಿಗಿಂತ ದೊಡ್ಡದಿತ್ತು.

ಪರೀಕ್ಷೆ ಏನಾಯಿತೆಂದು ಕೇಳುತ್ತೀರಿ. ಜರ್ಮನಿಯಲ್ಲಿ 1 ಎಂದರೆ ಅತ್ಯುತ್ತಮ, 4 ಎಂದರೆ ದಡ ಸೇರಿದಂತೆ. ನಮ್ಮವನಿಗೆ ಸರಿಯಾಗಿ 4 ಬಂತು. ಆಗಿನ ನಮ್ಮ ಎಸ್ಸೆಸ್ಸೆಲ್ಸಿಯ 35 ಅಂಕದ ಹಾಗೆ. 35 ಬಂದವರಿಗೆ ಮೂವತ್ತು ವರ್ಷ ಮುಖ ಗಂಟಿಕ್ಕಿದ ಟೀಚರು ಅವತ್ತು ಓಣಿಗೆಲ್ಲ ಮೈಸೂರು ಪಾಕು ಹಂಚಿದಳು.

ಈಗಲೂ ಭಾನುವಾರ ಫೋನು ಬರುತ್ತದೆ. ಮೊದಲ ಪ್ರಶ್ನೆ ಮಾತ್ರ ಬದಲಾಗಿದೆ.

ನಡೆಯುವವರಿಗೆ ನಾಲ್ಕು ಮಾತು

ಪ್ರಾಗ್ ಸುತ್ತಲು ಗಟ್ಟಿ ಅಟ್ಟೆಯ, ಮೊದಲೇ ಹಾಕಿ ಪಳಗಿದ ಷೂ ಇರಲಿ. ಕಲ್ಲಿನ ದಾರಿಯಲ್ಲಿ ಹೊಸ ಚಪ್ಪಲಿ ಕಚ್ಚುತ್ತದೆ. ಚೆಕ್ ದೇಶ ಯೂರೋಪಿಯನ್ ಒಕ್ಕೂಟದಲ್ಲಿದ್ದರೂ ಅಲ್ಲಿನ ನಾಣ್ಯ ಯೂರೋ ಅಲ್ಲ, ಕೊರೂನಾ. ಸಸ್ಯಾಹಾರಿಗಳು ಕರಿದ ಚೀಸ್ ಕೇಳಿ ಪಡೆಯಬಹುದು, ಬುತ್ತಿ ಇದ್ದರೆ ಇನ್ನೂ ಒಳ್ಳೆಯದು. ಮೊದಲೇ ಕೊಂಡ ಕಾಗದದ ಟ್ರಾಮ್ ಟಿಕೆಟ್ ಕೈಯಲ್ಲಿದ್ದರಷ್ಟೇ ಸಾಲದು, ಹತ್ತಿದ ಕೂಡಲೇ ಯಂತ್ರದಲ್ಲಿ ಮುದ್ರೆ ಒತ್ತಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮಕ್ಕಳ ಜೊತೆ ನಡೆಯಿರಿ. ಎದುರುಬದುರು ಕೂತಾಗ ಬಾರದ ಮಾತು ಅಕ್ಕಪಕ್ಕ ನಡೆಯುವಾಗ ತಾನಾಗಿ ಬರುತ್ತದೆ.